ಆರೂ ಏಳೂ ಮತ್ತು ಒಂದು ದಪ್ಪ ಕಾದಂಬರಿ

ನಮ್ಮ ಮನೆಯ ವೈಫೈ ಪೆಟ್ಟಿಗೆ ಒಂದು ಕನ್ನಡ ಕಾದಂಬರಿಯ ಮೂರನೇ ಒಂದು ಭಾಗದ ಮೇಲೆ ಕೂತಿದೆ. ಇಡೀ ಕಾದಂಬರಿಯ ಮೇಲಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಅದೂ ನಡುವಿನ ಭಾಗ. ಪುಟ ಇನ್ನೂರ ಎಂಬತ್ತೊಂದರಿಂದ ಐನೂರ ಅರವತ್ತರವರೆಗೆ. ಮುಂದೆ ಹೊದಿಕೆಯಿಲ್ಲ, ಹಿಂದೆ ಹೊದಿಕೆಯಿಲ್ಲ, ಎರಡೂ ಕಡೆ ಬ್ರೆಡ್ ಕತ್ತರಿಸುವ ಚಾಕುವಿನ ಗುರುತು. ಹೋದ ತಿಂಗಳು ಇಂಟರ್ನೆಟ್ ಸರಿಮಾಡಲು ಬಂದಿದ್ದ ಮಧ್ಯವಯಸ್ಸಿನ ಟೆಕ್ನಿಷಿಯನ್ ಪೆಟ್ಟಿಗೆ ಎತ್ತಿ, ಕೆಳಗಿದ್ದ ಹಳದಿ ಹಾಳೆಗಳನ್ನು ನೋಡಿ, ಟೋಪಿ ತೆಗೆದು, "ಮೇಡಂ, ನಿಮ್ಮ ಧರ್ಮಗ್ರಂಥವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. "ಅಲ್ಲ, ನಮ್ಮ ಅತ್ತೆಯದು" ಎಂದೆ. ಅವನು ಇನ್ನೂ ಹೆಚ್ಚಿನ ಭಕ್ತಿಯಿಂದ ಅದನ್ನು ಎರಡು ಕೈಯಲ್ಲಿ ಎತ್ತಿ ಸೋಫಾದ ಮೇಲಿಟ್ಟ.

ಆ ಪುಸ್ತಕದ ಹೆಸರು ಕೇಳಬೇಡಿ, ನನಗೆ ಗೊತ್ತಿಲ್ಲ. ಬರೆದವರು ಯಾರೆಂದೂ ಗೊತ್ತಿಲ್ಲ. ಹೊದಿಕೆ ಮತ್ತು ಮೊದಲ ಎಂಟು ಪುಟ ನನ್ನ ಮದುವೆಗೆ ಮುಂಚೆಯೇ ಹೋಗಿದ್ದವು. ನಮ್ಮ ಅತ್ತೆ ಸರೋಜಮ್ಮನವರು ಅದನ್ನು "ದಪ್ಪ ಪುಸ್ತಕ" ಎನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ಮೈಸೂರು ಸೀಮೆಯ ದಕ್ಷಿಣಕ್ಕೆ, ನದೀ ದಂಡೆಯ ಒಂದು ಊರಿನಲ್ಲಿ ನಶ್ಯ ತಯಾರಿಸುವ ಕುಟುಂಬವೊಂದರ ನಾಲ್ಕು ತಲೆಮಾರಿನ ಕಥೆ. ಎಂಟುನೂರ ನಲವತ್ತೆರಡು ಪುಟ. ಮೂರು ಪುಟಕ್ಕೊಬ್ಬರು ಸೀನುತ್ತಾರೆ.

ಈ ಪುಸ್ತಕದ ವಿಷಯ ಹೇಳುವ ಮೊದಲು ನನ್ನ ಒಂದು ಊನದ ವಿಷಯ ಹೇಳಿಬಿಡಬೇಕು. ನನಗೆ ಕನ್ನಡದ ಆರೂ ಏಳೂ ಗೊತ್ತಾಗುವುದಿಲ್ಲ. ೬, ೭. ನೋಡಿ, ಈಗ ಬರೆಯುವಾಗಲೂ ಒಮ್ಮೆ ಫೋನಿನಲ್ಲಿ ಖಚಿತಪಡಿಸಿಕೊಂಡೆ. ಅಕ್ಷರ ಸರಾಗ ಓದುತ್ತೇನೆ, ಒತ್ತಕ್ಷರಕ್ಕೂ ಹೆದರುವುದಿಲ್ಲ. ಈ ಎರಡು ಅಂಕಿ ಮಾತ್ರ ಮೈಸೂರಿನ ಇಂಗ್ಲಿಷ್ ಮೀಡಿಯಂ ಶಾಲೆಯಿಂದ ಇವತ್ತಿನವರೆಗೂ ನನ್ನನ್ನು ಆಟ ಆಡಿಸುತ್ತಿವೆ. ಒಂದರ ಬಾಲ ಮೇಲಕ್ಕೆ, ಇನ್ನೊಂದರದು ಇನ್ನೆಲ್ಲಿಗೋ. ನಾಲ್ಕನೇ ಕ್ಲಾಸಿನಲ್ಲಿ ನಮ್ಮ ಕನ್ನಡ ಮಿಸ್ಸು "ಯಾವುದು ಸಿಟ್ಟು ಮಾಡಿಕೊಂಡ ಹಾಗಿದೆಯೋ ಅದು ಏಳು" ಎಂದು ಹೇಳಿಕೊಟ್ಟಿದ್ದರು. ನನಗೆ ಎರಡೂ ಸಿಟ್ಟು ಮಾಡಿಕೊಂಡ ಹಾಗೇ ಕಾಣುತ್ತಿದ್ದವು. ಒಮ್ಮೆ ಆರರ ಬಸ್ಸೆಂದು ಏಳರದ್ದು ಹತ್ತಿ, ಚಿಕ್ಕಪ್ಪನ ಮನೆಗೆ ಹೋಗುವ ಬದಲು ಬಸ್ ಡಿಪೋಗೆ ಹೋಗಿ, ಅಲ್ಲಿಯ ಕಂಡಕ್ಟರುಗಳ ಜೊತೆ ಚಿತ್ರಾನ್ನ ತಿಂದು ಸಂಜೆ ಮನೆಗೆ ಬಂದಿದ್ದೆ. ಚಿತ್ರಾನ್ನ ಚೆನ್ನಾಗಿತ್ತು. ಹಾಗಾಗಿ ತಿದ್ದಿಕೊಳ್ಳಬೇಕೆಂಬ ಹಟವೂ ಹುಟ್ಟಲಿಲ್ಲ.

ಇನ್ನೊಂದು ಊನ ಕೆಲಸದಿಂದ ಬಂದದ್ದು. ನೈರೋಬಿಯಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ನನ್ನ ಉದ್ಯೋಗ ಸಾರಾಂಶ ಬರೆಯುವುದು. ಯಾರೋ ಎರಡು ವರ್ಷ ಊರೂರು ತಿರುಗಿ ನೀರಿನ ಬಗ್ಗೆ ಮುನ್ನೂರು ಪುಟದ ವರದಿ ಬರೆಯುತ್ತಾರೆ. ನಾನು ಅದನ್ನು ಎರಡು ಪುಟ ಮಾಡುತ್ತೇನೆ. ದೊಡ್ಡವರು ಆ ಎರಡು ಪುಟದಲ್ಲಿ ಕೊನೆಯ ಪ್ಯಾರಾ ಓದುತ್ತಾರೆ. ಮೈಸೂರಿನಲ್ಲಿ ಶುರುಮಾಡಿ ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳು ಏನು ಓದಿದರೂ ಮೊದಲು ಕೊನೆಗೇ ಹೋಗುತ್ತಾಳೆ, ಅದು ಅಭ್ಯಾಸ. ಮದುವೆಯ ಕರೆಯೋಲೆಯಲ್ಲಿ ಕೂಡ ನಾನು ಮೊದಲು ನೋಡುವುದು ಊಟ ಎಲ್ಲಿ ಎಂಬುದನ್ನು.

ಇಂಥವಳು ನೈರೋಬಿಯ ಕನ್ನಡ ಓದುಬಳಗದ ಸಂಚಾಲಕಿ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಹನ್ನೊಂದು ಜನ. ಎಂಟು ಜನ ಬೆಳಿಗ್ಗೆ ಹೂವಿನ ಚಿತ್ರ ಕಳಿಸಿ ಸುಮ್ಮನಾಗುತ್ತಾರೆ. ಓದುವವರು ಮೂವರು. ಲೊರೆಶೋದಲ್ಲಿರುವ ವಸಂತಿ, ಉಡುಪಿ ಕಡೆಯವರು, ಅವರ ತೋಟದ ಹುಲ್ಲಿನ ಮೇಲೆ ನಮ್ಮ ಸಭೆ. ಹರ್ಲಿಂಗ್‌ಹ್ಯಾಮಿನಲ್ಲಿ ಬ್ಯಾಂಕಿನ ಕೆಲಸ ಮಾಡುವ ಪಾಟೀಲರು, ಹುಬ್ಬಳ್ಳಿಯವರು. ಸೌತ್ ಸಿ ಬಡಾವಣೆಯಿಂದ ನಾನು. ಮೂವರ ಮನೆಗಳ ನಡುವೆ ಇಡೀ ನೈರೋಬಿಯ ಟ್ರಾಫಿಕ್ ಇದೆ. ಅದರಲ್ಲಿ ಸಿಕ್ಕಿಕೊಂಡು ಬಂದವರಿಗೆ ಸಾಹಿತ್ಯದ ಬಗ್ಗೆ ಗಟ್ಟಿ ಅಭಿಪ್ರಾಯಗಳಿರುತ್ತವೆ.

ಕಳೆದ ವರ್ಷ ಅತ್ತೆ ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದರು. ಬರುವಾಗ ಸೂಟ್‌ಕೇಸಿನಲ್ಲಿ ಹುಣಸೆಹಣ್ಣು, ಸಾರಿನಪುಡಿ ಮತ್ತು ದಪ್ಪ ಪುಸ್ತಕ. ಬಳಗಕ್ಕೆ ಓದಲು ಹೊಸ ಪುಸ್ತಕವಿಲ್ಲದೆ ನಾವು ಪಂಚಾಂಗ ಓದುವ ಸ್ಥಿತಿಗೆ ಬಂದಿದ್ದೆವು. ಇದನ್ನೇ ಓದೋಣ ಎಂದೆ. ಇರುವುದು ಒಂದೇ ಪ್ರತಿ, ಮೂವರು ಹೇಗೆ ಓದುವುದು ಎಂದು ನಾನು ಫೋಟೋಕಾಪಿ ಅದು ಇದು ಎಂದು ಲೆಕ್ಕ ಹಾಕುತ್ತಿರುವಾಗ ಅತ್ತೆ ಅಡುಗೆಮನೆಯಿಂದ ಬ್ರೆಡ್ ಚಾಕು ತಂದು, ಪುಸ್ತಕವನ್ನು ಊಟದ ಮೇಜಿನ ಮೇಲೆ ಮಲಗಿಸಿ, ಬೆನ್ನಿಗೆ ಎರಡು ಕಡೆ ಹಾಕಿಯೇಬಿಟ್ಟರು.

"ಅಯ್ಯೋ ಅತ್ತೆ!"

"ಯಾಕೆ? ಹಲಸಿನಹಣ್ಣು ಇಡಿಯಾಗಿ ಹಂಚ್ತೀವಾ?" ಎಂದು ಚಾಕು ಒರೆಸಿ ಒಳಗೆ ಹೋದರು.

ಅತ್ತೆಯ ಮಾತು ಯಾವಾಗಲೂ ಇಷ್ಟೇ. ಅಥವಾ ನಾನು ಹಾಗೆಂದುಕೊಂಡಿದ್ದೆ. ಮದುವೆಯಾಗಿ ಹತ್ತೊಂಬತ್ತು ವರ್ಷ, ನಮ್ಮಿಬ್ಬರಲ್ಲಿ ಒಂದು ಜಗಳವಿಲ್ಲ. ಜಗಳಕ್ಕೆ ಬೇಕಾಗುವಷ್ಟು ಮಾತೇ ಇರಲಿಲ್ಲ. ಪ್ರತಿ ಭಾನುವಾರ ಮೈಸೂರಿಗೆ ಫೋನ್ ಮಾಡಿದರೆ "ಎಲ್ಲ ಚೆನ್ನಾಗಿದೀವಿ. ಕಾಲುನೋವು ವಾಸಿಯಾಯ್ತು. ಇಡ್ಲಾ?" ಎನ್ನುವರು. ಕಾಲುನೋವು ಬಂದಿತ್ತೆಂಬುದೇ ನನಗೆ ತಿಳಿದಿರುತ್ತಿರಲಿಲ್ಲ. ಒಂದೂಮುಕ್ಕಾಲು ನಿಮಿಷದಲ್ಲಿ ಮಾತುಕತೆ ಮುಗಿಯುತ್ತಿತ್ತು. ನಾನು ಗೆಳತಿಯರ ಮುಂದೆ, ನಮ್ಮತ್ತೆ ಬಹಳ ಮಿತಭಾಷಿ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ನೈರೋಬಿಗೆ ಬಂದ ಮೇಲೆ ಗುಟ್ಟು ಬಯಲಾಯಿತು. ನಮ್ಮ ಮನೆಗೆ ಕೆಲಸಕ್ಕೆ ಬರುವ ಗ್ರೇಸ್ ಐವತ್ತು ದಾಟಿದ ಹೆಂಗಸು. ಅತ್ತೆಗೆ ಸ್ವಾಹಿಲಿ ಬಾರದು, ಗ್ರೇಸಿಗೆ ಕನ್ನಡ ಬಾರದು. ಇಬ್ಬರೂ ಬಟಾಣಿ ಸುಲಿಯುತ್ತ ಕೂತರೆ ಎರಡು ಗಂಟೆ ಅತ್ತೆಯ ಬಾಯಿ ನಿಲ್ಲುತ್ತಿರಲಿಲ್ಲ. ಕೈ ಬೀಸಿ, ಕಣ್ಣರಳಿಸಿ, ಯಾರದೋ ನಡಿಗೆಯನ್ನು ಅಣಕಿಸಿ ಕಥೆ ಹೇಳುವರು. ಗ್ರೇಸ್ "ಸವಾ, ಸವಾ" ಎಂದು ಹೂಂಗುಟ್ಟುವಳು. ಯಾರಾದರೂ ಸತ್ತರೆ, ಹೇಗೆ ತಿಳಿಯುತ್ತಿತ್ತೋ, ಸರಿಯಾಗಿ ಅದೇ ಜಾಗದಲ್ಲಿ "ಪೋಲೆ ಸಾನಾ" ಎಂದು ಎದೆ ಮುಟ್ಟಿಕೊಂಡು ಸಂತಾಪ ಸೂಚಿಸುವಳು. ಒಂದು ದಿನ ಇಬ್ಬರೂ "ಮ್ಬೂಜಿ, ಮ್ಬೂಜಿ" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮ್ಬೂಜಿ ಎಂದರೆ ಮೇಕೆ. ಏನತ್ತೆ ವಿಷಯ ಎಂದು ನಾನು ಹೋಗಿ ಕೇಳಿದೆ. ನಗು ನಿಂತಿತು.

"ಏನಿಲ್ಲ. ಒಂದು ಮೇಕೆ ವಿಷಯ."

ವಸಂತಿಯ ಜೊತೆಗೂ ಹಾಗೇ, ಫೋನಿನಲ್ಲಿ ಒಂದೊಂದು ಗಂಟೆ. ನನಗೆ ಮಾತ್ರ ಎರಡು ವಾಕ್ಯ. ನಿಮಗೆ ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಬೇಜಾರಾಯಿತು. ಹತ್ತೊಂಬತ್ತು ವರ್ಷದಲ್ಲಿ ನಾನು ಈ ಹೆಂಗಸಿಗೆ ಏನು ಮಾಡಿದ್ದೆ?

ಮೊದಲ ಸಭೆಯ ವಿಷಯಕ್ಕೆ ಬರುತ್ತೇನೆ. ವಸಂತಿಗೆ ಮೊದಲ ಭಾಗ, ಪಾಟೀಲರಿಗೆ ನಡುವಿನದು, ನನಗೆ ಕೊನೆಯದು ಎಂದು ಅತ್ತೆಯೇ ಹಂಚಿದ್ದರು. ಓದಿ ಮುಗಿಸಿ ಒಂದು ಶನಿವಾರ ಮಧ್ಯಾಹ್ನ ಲೊರೆಶೋದಲ್ಲಿ ಸೇರಿದೆವು. ಅತ್ತೆಯೂ ಬಂದಿದ್ದರು, ಒಂದು ಕುರ್ಚಿಯಲ್ಲಿ ಕೂತು ಮಂದಾಜಿ ತಿನ್ನುತ್ತಿದ್ದರು. ಇಲ್ಲಿಯ ಆ ಕರಿದ ಉಬ್ಬು ತಿಂಡಿಯನ್ನು ಅವರು "ಬಾಳೆಹಣ್ಣು ಮರೆತ ಬನ್ಸು" ಎನ್ನುತ್ತಿದ್ದರು.

"ನನಗೆ ಎಲ್ಲ ಇಷ್ಟ ಆಯ್ತು ಮಾರಾಯ್ರೆ" ಎಂದರು ವಸಂತಿ. "ಆದ್ರೆ ಇನ್ನೂರ ಎಂಬತ್ತು ಪುಟದಲ್ಲಿ ಒಂದು ಮೀನಿಲ್ಲ. ಮನೆ ಹಿಂದೆಯೇ ಹೊಳೆ ಉಂಟು. ಎಲ್ಲರೂ ಹೊಳೆಯಲ್ಲಿ ಬಟ್ಟೆ ಒಗೆಯುವುದು, ಹೊಳೆ ನೋಡಿ ಅಳುವುದು. ಒಬ್ಬನಾದ್ರೂ ಗಾಳ ಹಾಕ್ಬಾರ್ದಾ?"

"ಮೀನು ಬಿಡ್ರಿ" ಎಂದರು ಪಾಟೀಲರು. "ನಿಮ್ಮ ದಕ್ಷಿಣದ ಮಂದಿ ಒಂದು ಲೋಟ ಕಾಫಿ ಕುಡಿಯಾಕ ಹನ್ನೊಂದು ಪುಟ ತಗೋತಾರ ನೋಡ್ರಿ. ಆರಿ ತಣ್ಣಗಾಗಿ ಹೋಗೂದಿಲ್ಲೇನು? ನಮ್ಮ ಕಡೆ ಹನ್ನೊಂದು ಪುಟದಾಗ ಎರಡು ಮದುವಿ, ಒಂದು ಜಗಳ ಮುಗಿದು ಊಟಕ್ಕ ಕುಂತಿರ್ತೀವಿ."

"ಯಾರು ನಿಮ್ಮ ದಕ್ಷಿಣ? ನಾವು ಕರಾವಳಿ" ಎಂದು ವಸಂತಿ ತಿರುಗಿಬಿದ್ದರು. ಮೇಲೆ ಹಡಾಡಾ ಹಕ್ಕಿಗಳು ಕರ್ಕಶವಾಗಿ ಕೂಗುತ್ತ ಹಾದುಹೋದವು. ಅಷ್ಟು ಹೊತ್ತು ಮಾತ್ರ ಶಾಂತಿಯಿತ್ತು.

ನಂತರ ದೊಡ್ಡ ಯಜಮಾನರ ವಿಷಯ ಬಂತು. ನಶ್ಯದ ಅಂಗಡಿ ಕಟ್ಟಿದ ಹಿರಿಯ ಆತ. ವಸಂತಿಯ ಪ್ರಕಾರ ದೇವರಂಥ ಮನುಷ್ಯ. ಪಾಟೀಲರ ಪ್ರಕಾರ ಅಂಥ ಕಿಡಿಗೇಡಿ ಮುದುಕ ಕನ್ನಡ ಸಾಹಿತ್ಯದಲ್ಲೇ ಇಲ್ಲ. ಸ್ವಂತ ತಮ್ಮನ ನಶ್ಯಕ್ಕೆ ಮೆಣಸಿನಪುಡಿ ಬೆರೆಸಿದವನು. ನನ್ನ ಭಾಗದಲ್ಲಿ ಆತ ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಫೋಟೋ ಆಗಿದ್ದ. ಹಾಗಾಗಿ ನನಗೆ ಆತನ ಬಗ್ಗೆ ಯಾವ ದೂರೂ ಇರಲಿಲ್ಲ.

ಕೊನೆಗೆ ಸೊಸೆ ಕನಕ. "ಪಾಪದ ಹುಡುಗಿ, ಬಾಯಿಯೇ ಇಲ್ಲ" ಎಂದು ವಸಂತಿ ಕಣ್ಣು ಒದ್ದೆ ಮಾಡಿಕೊಂಡರು.

"ಬಾಯಿ ಇಲ್ಲ? ನನ್ನ ಭಾಗದಾಗ ಆಕಿ ಬಾಯಿ ಮುಚ್ಚಿದ್ದು ನಾ ನೋಡೇ ಇಲ್ಲರಿ!"

ಇಬ್ಬರೂ ನನ್ನತ್ತ ನೋಡಿದರು. ನಾನು ಓದಿದ್ದು ಕೊನೆಯ ಅಧ್ಯಾಯವನ್ನು ಮಾತ್ರ. "ಕನಕಳ ಪಾತ್ರಕ್ಕೆ ಹಲವು ಆಯಾಮಗಳಿವೆ" ಎಂದೆ. ಆಫೀಸಿನಲ್ಲಿ ವರದಿ ಓದದೆ ಸಭೆಗೆ ಹೋದಾಗ ನಾನು ಹೇಳುವ ವಾಕ್ಯ ಅದು. ಇಪ್ಪತ್ತು ವರ್ಷದಿಂದ ಕೈಕೊಟ್ಟಿಲ್ಲ.

ಅತ್ತೆ ಬೆರಳಿಗಂಟಿದ ಸಕ್ಕರೆ ಕೊಡವಿದರು. "ಮೂರು ಜನ ಮೂರು ತುಂಡು ಓದಿ ಜಗಳ ಆಡ್ತಿದೀರಲ್ಲ. ಅದಲು ಬದಲು ಮಾಡ್ಕೊಂಡು ಓದಿ, ಆಮೇಲೆ ಆಡಿ."

"ಇಲ್ಲ ಅಮ್ಮಾರ, ಸಾಹಿತ್ಯದಾಗ ಭಿನ್ನಾಭಿಪ್ರಾಯ ಇರಬೇಕ್ರಿ" ಎಂದರು ಪಾಟೀಲರು. ಎರಡು ವಾರದ ನಂತರ ನಮ್ಮ ಮನೆಯಲ್ಲಿ ಸೇರಿ ಭಾಗಗಳನ್ನು ಬದಲಾಯಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಅಭಿಪ್ರಾಯ ಬದಲಾಯಿಸುವಂತಿಲ್ಲ.

ಮರುದಿನ ಬೆಳಿಗ್ಗೆ ನಾಚಿಕೆಯಾಗಿ ನನ್ನ ಭಾಗವನ್ನು ನಿಜವಾಗಿಯೂ ಓದೋಣವೆಂದು ಕೂತೆ. ಅಭ್ಯಾಸಬಲದಿಂದ ಹಿಂದಿನಿಂದ ತೆರೆದೆ. ಕಥೆ ಮುಗಿದ ಮೇಲೆ ಒಂದು ಖಾಲಿ ಹಾಳೆ. ಅದರ ಮೇಲೆ ಪೆನ್ಸಿಲಿನಲ್ಲಿ ಅತ್ತೆಯ ಗುಂಡು ಅಕ್ಷರ. ಒಂದು ಪಟ್ಟಿ.

ದೊಡ್ಡ ಯಜಮಾನ – ನಮ್ಮ ಮಾವನವರು – ೪೧
ಗುಂಡಣ್ಣ – ಇವರು – ೧೧೨
ಯಜಮಾನರ ಕುದುರೆ – ನಮ್ಮ ರವಿ – ೧೫೮
ಕರೆಯದೆ ಊಟಕ್ಕೆ ಬರುವ ಶೇಷಪ್ಪ – ಎದುರುಮನೆಯವರು – ೨೦೯
ಕನಕ – ಶುಭಾ – ೩೬೭

ಶುಭಾ ಎಂದರೆ ನಾನು. ಕಾದಂಬರಿಯ ಯಾವ ಪಾತ್ರ ನಮ್ಮ ಕುಟುಂಬದಲ್ಲಿ ಯಾರ ಹಾಗೆ, ಅದು ಯಾವ ಪುಟದಲ್ಲಿ ಎದ್ದು ಕಾಣುತ್ತದೆ ಎಂದು ಅತ್ತೆ ಬರೆದಿಟ್ಟಿದ್ದರು. ಹತ್ತೊಂಬತ್ತು ವರ್ಷದಿಂದ ಆಕೆ ನನ್ನ ಬಗ್ಗೆ ಏನು ಯೋಚಿಸಿದ್ದರೋ ಅದಕ್ಕೆ ಪುಟಸಂಖ್ಯೆ ಸಿಕ್ಕಿತ್ತು! ನನ್ನ ಗಂಡ ರವಿಗೆ ತೋರಿಸಿದೆ. ವಸಂತಿಗೆ ಫೋನ್ ಮಾಡಿ ಅವನ ಪುಟ ಓದಿಸಿದೆವು. ಆ ಕುದುರೆ ಕಟ್ಟಿದಲ್ಲಿ ನಿಲ್ಲುತ್ತದೆ, ಹುಲ್ಲು ಹಾಕಿದರೆ ತಿನ್ನುತ್ತದೆ, ಮನೆಗೆ ಬೆಂಕಿ ಬಿದ್ದಾಗಲೂ ತಿನ್ನುತ್ತಿರುತ್ತದೆ. "ಕುದುರೆ ಒಳ್ಳೆ ಪ್ರಾಣಿ ಕಣೇ" ಎಂದು ರವಿ ಪೇಪರು ತಿರುವಿದ.

ನನ್ನ ಪುಟ ಪಾಟೀಲರ ಬಳಿ ಇತ್ತು. ಸೋಮವಾರ ಬೆಳಿಗ್ಗೆ ಬ್ಯಾಂಕು ತೆರೆಯುತ್ತಲೇ ಫೋನ್ ಮಾಡಿದೆ. "ಮುನ್ನೂರ ಎಪ್ಪತ್ತಾರನೇ ಪುಟ ಓದಿ ಹೇಳಿ ಪಾಟೀಲರೇ, ತುರ್ತು."

ಅವರು ದನಿ ತಗ್ಗಿಸಿ ಓದಿದರು. ಕನಕ ತನ್ನ ಅತ್ತೆಯ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಉಪ್ಪಿನಕಾಯಿ ಜಾಡಿಯಲ್ಲಿ ಬಚ್ಚಿಟ್ಟು, ಮೂರು ದಿನ ಮನೆಯಲ್ಲೆಲ್ಲ ಚಕ್ಕುಲಿ ಹಂಚುತ್ತಾಳೆ.

"ಮತ್ತೆ?"

"ಮತ್ತ ಏನೂ ಇಲ್ಲರಿ. ಮುದುಕಿ ಚಕ್ಕುಲಿ ನೋಡಿ ಅಳತಾಳ. ಶುಭಾ ಮೇಡಂ, ಇಲ್ಲೆ ಕೌಂಟರಿನ್ಯಾಗ ಜನ ನಿಂತಾರ, ಫೋನ್ ಇಡ್ಲೇನ್ರಿ?"

ನಮ್ಮ ಅತ್ತೆಗೂ ಹಲ್ಲಿನ ಸೆಟ್ ಇದೆ. ರಾತ್ರಿ ಸ್ಟೀಲ್ ಲೋಟದ ನೀರಿನಲ್ಲಿ ಹಾಕಿಡುತ್ತಾರೆ. ಹಲವು ವರ್ಷದ ಹಿಂದೆ ಮೈಸೂರಿನಲ್ಲಿ, ಆಫೀಸಿಗೆ ಹೊರಡುವ ಆತುರದಲ್ಲಿ, ಒಂದು ಸ್ಟೀಲ್ ಲೋಟದ ನೀರನ್ನು ಸಿಂಕಿಗೆ ಚೆಲ್ಲಿದ್ದೆ. ಟಣ್ ಎಂದು ಸದ್ದಾಗಿತ್ತು. ತಕ್ಷಣ ಎತ್ತಿ, ತೊಳೆದು, ಹೊಸ ನೀರು ಹಾಕಿಟ್ಟು ಓಡಿದ್ದೆ. ಯಾರೂ ನೋಡಿಲ್ಲವೆಂದುಕೊಂಡಿದ್ದೆ. ನೋಡಿದ್ದಾರೆ! ನೋಡಿ, ಬೇಕೆಂತಲೇ ಮಾಡಿದಳೆಂದು ತಿಳಿದು, ಅಂದಿನಿಂದ ಮಾತು ಬಿಟ್ಟಿದ್ದಾರೆ!

ಮುಂದಿನ ಎರಡು ವಾರ ನಾನು ಅತ್ತೆಯ ಹಲ್ಲಿಗೆ ಮಾಡಿದ ಸೇವೆಯನ್ನು ಯಾವ ಸೊಸೆಯೂ ಮಾಡಿರಲಾರಳು. ಹರ್ಲಿಂಗ್‌ಹ್ಯಾಮಿನ ಔಷಧಿ ಅಂಗಡಿಯಿಂದ ನೀಲಿ ಬಣ್ಣದ ಡಬ್ಬಿ ತಂದೆ. ನೊರೆ ಬರುವ ಮಾತ್ರೆ ತಂದೆ. ಊಟದಲ್ಲಿ ಗಟ್ಟಿ ಪದಾರ್ಥ ನಿಷೇಧಿಸಿದೆ. ಚಕ್ಕುಲಿ, ಕೋಡುಬಳೆ ಎಂಬ ಶಬ್ದಗಳನ್ನೂ ಮನೆಯಲ್ಲಿ ಆಡಲಿಲ್ಲ. ದಿನಾ ಮೆತ್ತಗೆ ಉಗಾಲಿ. ಈ ಬಿಳಿ ಮೆಕ್ಕೆಜೋಳದ ಮುದ್ದೆಯನ್ನು ಅತ್ತೆ "ರಾಗಿ ಇಲ್ಲದ ಮುದ್ದೆ" ಎಂದು ನಾಲ್ಕು ದಿನ ಸಹಿಸಿದರು. ಐದನೇ ದಿನ ತಟ್ಟೆ ಸರಿಸಿದರು.

"ನನ್ನ ಹಲ್ಲಿನ ಮೇಲೆ ನಿನಗ್ಯಾಕೆ ಇದ್ದಕ್ಕಿದ್ದ ಹಾಗೆ ಇಷ್ಟು ಪ್ರೀತಿ?"

"ಏನಿಲ್ಲ ಅತ್ತೆ."

"ಸರಿ" ಎಂದು ಎದ್ದುಹೋದರು. ನಾನು ಕೂತು ಆ ಉಗಾಲಿ ನೋಡುತ್ತ ನಿಜವಾಗಿಯೂ ಅತ್ತೆ. ಅಂದರೆ ಕಣ್ಣೀರು ಹಾಕಿದೆ. ಈ ಭಾಷೆಯಲ್ಲಿ ಅಳುವುದಕ್ಕೂ ಅತ್ತೆ ಬಿಡುವುದಿಲ್ಲ ನೋಡಿ. ಅವರು ಹೊರಡುವುದಕ್ಕೆ ಆರು ದಿನ ಉಳಿದಿತ್ತು. ನನ್ನನ್ನು ಹಲ್ಲುಗಳ್ಳಿ ಎಂದುಕೊಂಡೇ ಅವರು ವಿಮಾನ ಹತ್ತುತ್ತಾರೆ, ಹಾಗಲ್ಲ ಎಂದು ಹೇಳಲು ಪಟ್ಟಿಯನ್ನು ಕದ್ದು ನೋಡಿದೆನೆಂದು ಒಪ್ಪಿಕೊಳ್ಳಬೇಕು.

ಶನಿವಾರ ಎರಡನೇ ಸಭೆ. ಪಾಟೀಲರು ನಡುವಿನ ಭಾಗ ತಂದು ಮೇಜಿನ ಮೇಲಿಟ್ಟರು. ವಸಂತಿ ಮೊದಲಿನದನ್ನು ತಂದು, ಪಾಟೀಲರಿಗೆ ಕೊಟ್ಟು, ಮೀನಿನ ವಿಷಯ ಮತ್ತೆ ತೆಗೆದರು. ಅತ್ತೆ ಅಡುಗೆಮನೆಯಲ್ಲಿ ಗ್ರೇಸ್ ಜೊತೆಗಿದ್ದರು. ನಾನು ನನ್ನ ಅಪರಾಧದ ಪುಟವನ್ನು ಕಣ್ಣಾರೆ ನೋಡೋಣವೆಂದು, ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ ಪಟ್ಟಿಯ ಚಿತ್ರವನ್ನು ಪಕ್ಕದಲ್ಲಿಟ್ಟು ಹಾಳೆ ತಿರುವಿದೆ. ನನ್ನ ಹೆಗಲ ಮೇಲಿಂದ ಇರಾ ಬಗ್ಗಿದಳು. ನನ್ನ ಮಗಳು, ಹದಿಮೂರು ವರ್ಷ, ಇಲ್ಲೇ ಬೆಳೆದವಳು. ಕನ್ನಡ ಕೇಳಿದರೆ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಓದಲು ಒಂದಕ್ಷರ ಬಾರದು.

"ಅಮ್ಮಾ, ರಾಂಗ್ ಪೇಜ್."

"ಸುಮ್ನಿರೇ, ನಿನಗೆ ಕನ್ನಡ ಅಂಕಿ ಬರುತ್ತಾ?"

"ನೋ. ಬಟ್ ಐ ಹ್ಯಾವ್ ಐಸ್. ಲುಕ್. ಹಿಯರ್ ದ ಕರ್ಲೀ ಗೈ ಈಸ್ ಇನ್ ದ ಮಿಡಲ್. ದೇರ್ ಹೀ ಈಸ್ ಅಟ್ ದಿ ಎಂಡ್." ಮೊದಲು ಫೋನನ್ನು, ಆಮೇಲೆ ಪುಟವನ್ನು ತೋರಿಸಿದಳು.

ಪಾಟೀಲರು ಕನ್ನಡಕ ಹಾಕಿಕೊಂಡು ಫೋನ್ ನೋಡಿದರು. ಪುಟ ನೋಡಿದರು. ನನ್ನ ಮುಖ ನೋಡಿದರು. "ಮೇಡಂ, ಇದು ಮುನ್ನೂರ ಅರವತ್ತೇಳು. ನೀವು ನನಗ ಎಪ್ಪತ್ತಾರು ಅಂದಿದ್ರಿ. ಓದುಬಳಗದ ಸಂಚಾಲಕಿ ಯಾರ್ರೀ?"

ಒಂಬತ್ತು ಪುಟ ಹಿಂದಕ್ಕೆ ಹೋದೆ.

ಅಲ್ಲಿ ಹಲ್ಲಿಲ್ಲ, ಜಾಡಿಯಿಲ್ಲ. ಕನಕ ಮದುವೆಯಾಗಿ ಬಂದ ಮೊದಲ ತಿಂಗಳು. ಅವಳ ಅತ್ತೆ ಹೊಗೆಸೊಪ್ಪು ಬಿಡಿಸುತ್ತ, ಕೋತಿಯೊಂದು ತನ್ನ ಕಾಲುಂಗುರ ಎತ್ತಿಕೊಂಡು ಹೋದ ಕಥೆ ಹೇಳುತ್ತಿದ್ದಾಳೆ. ಕೋತಿ ಇನ್ನೂ ಮೊದಲನೇ ಮರದಲ್ಲಿದೆ. ಕೆಲಸದ ಆತುರದಲ್ಲಿದ್ದ ಕನಕ ಕೇಳುತ್ತಾಳೆ: ಕೊನೆಗೆ ಉಂಗುರ ಸಿಕ್ಕಿತೋ ಇಲ್ಲವೋ, ಅಷ್ಟು ಹೇಳಿಬಿಡಿ. ಅತ್ತೆ, ಸಿಕ್ಕಿತು ಎಂದು ಹೇಳಿ ಸೆರಗು ಕೊಡವಿ ಏಳುತ್ತಾಳೆ. ಅಂದಿನಿಂದ ಆ ಮನೆಯಲ್ಲಿ ಅತ್ತೆ ಸೊಸೆಗೆ ಕೊನೆಗಳನ್ನಷ್ಟೇ ಹೇಳಿದಳು ಎಂದು ಆ ಅಧ್ಯಾಯ ಮುಗಿಯುತ್ತದೆ.

ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೇ ಪದ: "ಮೇಕೆ."

ನನಗೆ ನೆನಪಾಯಿತು. ಮೈಸೂರಿನ ಅಡುಗೆಮನೆ, ಮದುವೆಯಾಗಿ ಮೂರನೇ ವಾರ, ಬೆಳಗಿನ ಎಂಟೂಕಾಲು. ಕೈಯಲ್ಲಿ ಆಫೀಸಿನ ಚೀಲ, ಬಾಯಲ್ಲಿ ಅರ್ಧ ದೋಸೆ. ಈ ದಪ್ಪ ಪುಸ್ತಕಕ್ಕೆ ಹೊದಿಕೆ ಯಾಕಿಲ್ಲ ಎಂದು ಸುಮ್ಮನೆ ಕೇಳಿದ್ದೆ. ಅತ್ತೆಯ ಮುಖ ಅರಳಿತ್ತು. ಒಲೆ ಸಣ್ಣ ಮಾಡಿ, ಮಣೆ ಎಳೆದುಕೊಂಡು ಕೂತು ಶುರುಮಾಡಿದ್ದರು. ಒಂದು ಮೇಕೆ ಬಂತು. ಅದು ಯಾರದು, ಯಾವ ಬೀದಿಯದು, ಅದರ ಯಜಮಾನನ ಹೆಂಡತಿ ಯಾವ ಊರಿನವಳು. ನಾನು ಗಡಿಯಾರ ನೋಡಿ ಹೇಳಿದ್ದೆ: "ಅತ್ತೆ, ಕೊನೆಗೆ ಮೇಕೆ ಸಿಕ್ತಾ?"

"ಸಿಕ್ತು" ಎಂದಿದ್ದರು ಅತ್ತೆ.

ಅಷ್ಟೇ ನೋಡಿ. ನನ್ನ ಮಿತಭಾಷಿ ಅತ್ತೆಯನ್ನು ತಯಾರಿಸಿದವಳು ನಾನೇ.

ಅತಿಥಿಗಳನ್ನು ಕಾರಿನವರೆಗೆ ಕಳಿಸಿ ಬಂದೆ. ಹೊರಗೆ ಮಟಾಟು ವ್ಯಾನೊಂದು ಕಿಟಕಿ ಅದುರುವಂತೆ ಹಾಡು ಹಾಕಿಕೊಂಡು ಹೋಯಿತು. ಅತ್ತೆ ಊಟದ ಮೇಜಿನ ಬಳಿ ಕೂತು ಮಿಕ್ಕ ತಿಂಡಿಯನ್ನು ಡಬ್ಬಿಗೆ ತುಂಬುತ್ತಿದ್ದರು. ಎದುರು ಕುರ್ಚಿಯಲ್ಲಿ ಕೂತೆ.

"ಅತ್ತೆ, ಪಟ್ಟಿ ನೋಡಿದೆ."

"ನೋಡಲಿ ಅಂತಲೇ ಕೊನೇ ಭಾಗ ನಿನಗೆ ಕೊಟ್ಟಿದ್ದು. ನೀನು ಮೊದಲು ಅಲ್ಲಿಗೇ ಹೋಗ್ತೀಯ ಅಂತ ಗೊತ್ತಿಲ್ವಾ?"

"ಹತ್ತೊಂಬತ್ತು ವರ್ಷ ಸಿಟ್ಟಾಗಿತ್ತಾ ನಿಮಗೆ?"

"ಸಿಟ್ಟೇನು ಬಂತು? ಸಾಕು ಅಂದೋರಿಗೆ ಬಡಿಸ್ತಾರಾ?" ಡಬ್ಬಿಯ ಮುಚ್ಚಳ ಒತ್ತಿದರು. ಅದನ್ನು ಪಕ್ಕಕ್ಕಿಟ್ಟು ಹೇಳಿದರು: "ಬೇಜಾರಾಗಿತ್ತು. ಅವತ್ತು ಒಲೆ ಸಣ್ಣ ಮಾಡಿ ಕೂತಿದ್ದೆ ಕಣೇ."

ಒಲೆ ಸಣ್ಣ ಮಾಡಿದ್ದು ನನಗೂ ನೆನಪಿತ್ತು. ಅದರ ಅರ್ಥ ಮಾತ್ರ ಅವತ್ತು ತಿಳಿದಿರಲಿಲ್ಲ.

"ಆ ಮೇಕೆ ವಿಷಯ ಹೇಳಿ ಅತ್ತೆ. ಮೊದಲಿಂದ."

"ಸಿಕ್ತು ಅಂತ ಹೇಳಿದ್ನಲ್ಲ."

"ಮೊದಲಿಂದ."

"ನಿನಗೆ ಏನೋ ವರದಿ ಕಳಿಸೋದಿದೆ ಅಂತಿದ್ದೆ?"

"ಇದೆ. ಇರಲಿ."

ಅತ್ತೆ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದರು. ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ ಕೂತರು, ಸೆರಗು ಸರಿಮಾಡಿಕೊಂಡರು, ಅಡುಗೆಮನೆಯ ಕಡೆ ತಿರುಗಿ "ಗ್ರೇಸ್, ಮ್ಬೂಜಿ!" ಎಂದು ಕೂಗಿದರು. ಗ್ರೇಸ್ ಕೈ ಒರೆಸಿಕೊಳ್ಳುತ್ತ ಓಡಿಬಂದು, ಗೊತ್ತಿದ್ದ ಸಿನಿಮಾಕ್ಕೆ ಬಂದವಳ ಹಾಗೆ ಕುರ್ಚಿ ಎಳೆದುಕೊಂಡಳು.

"ಮೇಕೆ ವಿಷಯಕ್ಕೆ ಬರೋಕೆ ಮುಂಚೆ" ಎಂದರು ಅತ್ತೆ, "ನಮ್ಮ ಚಿಕ್ಕಮ್ಮನ ನಾದಿನಿ ಮದುವೆ ವಿಷಯ ಹೇಳ್ಬೇಕು."

ಆ ದಿನ ಮದುವೆ ನಿಶ್ಚಯವಾಗಲಿಲ್ಲ. ಮರುದಿನ ಆಯಿತು, ಆದರೆ ಅಡುಗೆಯವನು ಓಡಿಹೋದ. ಅವನು ಯಾಕೆ ಓಡಿಹೋದನೆಂಬುದಕ್ಕೆ ಬೇರೆ ಒಂದು ಸಂಜೆ ಹಿಡಿಯಿತು. ನನ್ನ ನಾಲಿಗೆ ತುದಿಗೆ ಎಷ್ಟು ಸಲ "ಕೊನೆಗೆ" ಎಂಬ ಪದ ಬಂತೆಂದು ದೇವರಿಗೇ ಗೊತ್ತು. ಪ್ರತಿ ಸಲವೂ ಒಂದು ಕೋಡುಬಳೆ ಬಾಯಿಗೆ ಹಾಕಿಕೊಂಡೆ. ನಿಷೇಧ ತೆಗೆದಿದ್ದೆ. ಐದು ದಿನದಲ್ಲಿ ಒಂದು ಡಬ್ಬಿ ಕೋಡುಬಳೆ ಮುಗಿಯಿತು. ಮೇಕೆ ಬರಲಿಲ್ಲ.

ಹೊರಡುವ ದಿನ ಸೂಟ್‌ಕೇಸು ತೂಗಿದಾಗ ಭಾರ ಹೆಚ್ಚಾಯಿತು. ವಸಂತಿ, ಪಾಟೀಲರು ಓದಿ ಮುಗಿಸಿ ತಂದುಕೊಟ್ಟಿದ್ದ ಎರಡು ಭಾಗಗಳನ್ನೂ ನನ್ನ ಬಳಿಯಿದ್ದ ಮೂರನೆಯದನ್ನೂ ಅತ್ತೆ ಹೊರಗೆ ತೆಗೆದು, ಎರಡನ್ನು ವಾಪಸ್ಸು ಒಳಗಿಟ್ಟು, ಒಂದನ್ನು ನನ್ನ ಕೈಗಿತ್ತರು.

"ಶುರು ಇರೋದು, ಕೊನೆ ಇರೋದು ನಾನು ತಗೊಂಡು ಹೋಗ್ತೀನಿ. ನಿನಗೆ ಬೇಕಾಗಿರೋದು ಮಧ್ಯದ್ದು."

ಹಾಗಾಗಿ ಅದು ಇಲ್ಲಿದೆ. ವೈಫೈ ಪೆಟ್ಟಿಗೆಯ ಕೆಳಗೆ ಯಾಕೆಂದರೆ ಅಲ್ಲಿಟ್ಟರೆ ಸಿಗ್ನಲ್ ಚೆನ್ನಾಗಿ ಬರುತ್ತದೆ, ಫೋನ್ ಕಡಿಯುವುದಿಲ್ಲ. ಈಗ ದಿನಾ ಫೋನ್. ಒಂದೂಮುಕ್ಕಾಲು ನಿಮಿಷವಲ್ಲ, ನಲವತ್ತು ನಿಮಿಷ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಕಥೆ ಮಾತ್ರ ಐವತ್ತು ವರ್ಷ ಹಿಂದೆ. ಗ್ರೇಸ್ ಪಕ್ಕದಲ್ಲಿ ಕೂತು, ಸ್ಪೀಕರಿನಲ್ಲಿ ಕೇಳಿ, ಸರಿಯಾದ ಜಾಗದಲ್ಲಿ ನನ್ನ ಕೈ ಹಿಸುಕುತ್ತಾಳೆ. ಅವಳಿಗೆ ಮುಂದೇನಾಗುತ್ತದೆಂದು ಗೊತ್ತು. ನನಗೆ ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ.

ಪಾಟೀಲರು ಮೊನ್ನೆ ಫೋನ್ ಮಾಡಿ, ಆ ಕಾದಂಬರಿಯ ಹೆಸರು ಕೊನೆಗೂ ಗೊತ್ತಾಯಿತೇ ಎಂದು ಕೇಳಿದರು. ಇಲ್ಲ ಎಂದೆ. ನಿನ್ನೆಯವರೆಗಿನ ಸುದ್ದಿ ಇಷ್ಟು: ಮೇಕೆ ಹಗ್ಗ ಬಿಚ್ಚಿಕೊಂಡು ಬೀದಿಗೆ ಬಂದಿದೆ, ಜಗಲಿಯ ಮೇಲೆ ಒಬ್ಬಳು ಹೊಸ ಮದುವಣಗಿತ್ತಿ ದಪ್ಪ ಪುಸ್ತಕವೊಂದನ್ನು ಮಗುಚಿಟ್ಟು ಒಳಗೆ ಹಾಲು ನೋಡಲು ಹೋಗಿದ್ದಾಳೆ. ಹಾಲು ಇನ್ನೂ ಉಕ್ಕಿಲ್ಲ, ಮೇಕೆ ಇನ್ನೂ ನಾಲ್ಕು ಮನೆ ಆಚೆ ಇದೆ, ಪುಸ್ತಕದ ಹೊದಿಕೆ ಪುಸ್ತಕದ ಮೇಲೇ ಇದೆ. ಅದು ಇನ್ನಷ್ಟು ದಿನ ಅಲ್ಲೇ ಇರಲಿ ಎಂದು ನನಗೆ ಆಸೆ.